ಡಿಜಿಟಲ್ ಅಂದ್ರೆ ಫೈಲ್ ಅಲ್ಲ, ಮಾರಾಯ್ರೆ

ಪ್ರಶ್ನೆ: ಅಟ್ಟ ಗುಡಿಸುವಾಗ ಅಪ್ಪನ ಮಿನಿಡಿಸ್ಕ್ ರೆಕಾರ್ಡರ್ (ಪುಟ್ಟ ಡಿಸ್ಕಿಗೆ ದನಿ ಮುದ್ರಿಸುವ ಯಂತ್ರ) ಸಿಕ್ಕಿತು. ಜೊತೆಗೆ 20 ಡಿಸ್ಕ್, ಎಲ್ಲ ತಾಳಮದ್ದಲೆ. ಯುಎಸ್‌ಬಿ ಕೇಬಲ್ ಹಚ್ಚಿದರೆ ಕಂಪ್ಯೂಟರಿನಲ್ಲಿ ಒಂದೂ ಫೈಲ್ ಕಾಣುತ್ತಿಲ್ಲ. ಡಿಜಿಟಲ್ ಅಲ್ವಾ? ಬೇಗ ಕಾಪಿ ಮಾಡುವ ಉಪಾಯ ಹೇಳಿ.

ಈ ಮಳೆಗಾಲದಲ್ಲಿ ಇದೇ ಪ್ರಶ್ನೆ ನಾಲ್ಕನೇ ಸಲ. ಶಿರಸಿಯಿಂದ ಎರಡು, ಹೊನ್ನಾವರದಿಂದ ಒಂದು, ಈಗ ಕಾರವಾರದಿಂದ ನಿಮ್ಮದು. ಗಲ್ಫಿನಿಂದ ಬಂದ ಬಾವನೋ ಮಾವನೋ ತಂದುಕೊಟ್ಟ ಈ ಯಂತ್ರ ನಮ್ಮ ಜಿಲ್ಲೆಯ ಇನ್ನೆಷ್ಟು ಅಟ್ಟಗಳಲ್ಲಿ ಮಲಗಿದೆಯೋ.

ಮೊದಲು ಉತ್ತರ. ಉಪಾಯ ಇಲ್ಲ. 74 ನಿಮಿಷದ ಡಿಸ್ಕ್ ಕಾಪಿ ಆಗಲು 74 ನಿಮಿಷ ಬೇಕು. ನಿಮ್ಮ 20 ಡಿಸ್ಕಿಗೆ ಹೆಚ್ಚುಕಡಿಮೆ 25 ತಾಸು. ಲೈನ್ ಔಟ್ ಅಥವಾ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ಒಂದು ಸ್ಟೀರಿಯೋ ಕೇಬಲ್ ಹಚ್ಚಿ, ಪ್ಲೇ ಒತ್ತಿ, ಚಹಾ ಕುಡಿಯಿರಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಮಾತ್ರ ಹಚ್ಚಬೇಡಿ. ಸಾಮಾನ್ಯವಾಗಿ ಅದು ಮೊನೋ, ದನಿಯೂ ಒಡೆಯುತ್ತದೆ. ಲೈನ್ ಇನ್ ಇಲ್ಲದಿದ್ದರೆ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ. ಶುರು ಮಾಡುವ ಮುಂಚೆ ಡಿಸ್ಕಿನ ಅಂಚಿನ ಪುಟ್ಟ ಬಾಗಿಲನ್ನು ಸರಿಸಿ ತೂತು ಕಾಣುವ ಹಾಗೆ ಇಡಿ. ಆಮೇಲೆ ಅಪ್ಪಿತಪ್ಪಿ ರೆಕಾರ್ಡ್ ಒತ್ತಿದರೂ ಏನೂ ಅಳಿಸಿಹೋಗುವುದಿಲ್ಲ.

ಇಷ್ಟು ಹೇಳಿದರೂ ಯಾರೂ ನಂಬುವುದಿಲ್ಲ. ಕೇಬಲ್ ಹಾಳಾಗಿದೆ ಅಂತ ಹೊಸದು ತರುತ್ತಾರೆ. ಡ್ರೈವರ್ ಇಲ್ಲ ಅಂತ ಮನೆಯ ಮಾಣಿಯನ್ನು ರಾತ್ರಿಯಿಡೀ ಕೂರಿಸುತ್ತಾರೆ. ಎಲ್ಲದರ ಬುಡದಲ್ಲಿ ಇರುವುದು ಒಂದೇ ನಂಬಿಕೆ: ಡಿಜಿಟಲ್ ಆದಮೇಲೆ ಒಳಗೆ ಫೈಲ್ ಇರಲೇಬೇಕು, ಫೈಲ್ ಇದ್ದರೆ ಎಳೆದು ಹಾಕಬಹುದು.

ಇಲ್ಲ ಸ್ವಾಮಿ. ಸೋನಿಯವರು 1992ರಲ್ಲಿ ಇದನ್ನು ಮಾರುಕಟ್ಟೆಗೆ ತಂದದ್ದು ಕ್ಯಾಸೆಟ್ಟಿನ ಜಾಗ ಹಿಡಿಯಲಿ ಅಂತ. ಪೆನ್ ಡ್ರೈವ್ ಆಗ ಹುಟ್ಟಿಯೇ ಇರಲಿಲ್ಲ. ಲೇಸರ್ ಕೆಳಗಿನಿಂದ ಡಿಸ್ಕಿನ ಒಂದು ಚುಕ್ಕೆಯನ್ನು ಕಾಯಿಸುತ್ತದೆ, ಮೇಲಿನಿಂದ ಅಯಸ್ಕಾಂತದ ಹೆಡ್ ಆ ಚುಕ್ಕೆಯ ದಿಕ್ಕು ತಿರುಗಿಸುತ್ತದೆ. ಹಾಗೆ ಬರೆದದ್ದು ಡಿಜಿಟಲ್ಲೇ, ಸಂಶಯವಿಲ್ಲ. ಆದರೆ ಅದನ್ನು ಅಟ್ರಾಕ್ ಎಂಬ ಪದ್ಧತಿಯಲ್ಲಿ ಸಿಡಿಯ ಐದನೇ ಒಂದು ಪಾಲಿಗೆ ಅದುಮಿ ಇಟ್ಟಿರುತ್ತದೆ. ಅದನ್ನು ಬಿಡಿಸಿ ದನಿಯಾಗಿ ಹೊರಗೆ ಬಿಡುವುದಷ್ಟೇ ಆ ಯಂತ್ರಕ್ಕೆ ಗೊತ್ತು.

ಹಾಗಾದರೆ ಯುಎಸ್‌ಬಿ ತೂತು ಯಾಕೆ ಇಟ್ಟರು? ಒಳಗೆ ಹಾಕಲು! 2001ರಲ್ಲಿ ಬಂದ ನೆಟ್‌ಎಂಡಿ ಯಂತ್ರಗಳಲ್ಲಿ ಕಂಪ್ಯೂಟರಿನ ಹಾಡು ಡಿಸ್ಕಿಗೆ ಹೋಗುತ್ತಿತ್ತು. ನೀವೇ ಮೈಕ್ ಹಿಡಿದು ರೆಕಾರ್ಡ್ ಮಾಡಿದ್ದು ವಾಪಸ್ ಬರುತ್ತಿರಲಿಲ್ಲ. ನಮ್ಮ ಅಪ್ಪನ ದನಿ ನಮಗೇ ಕೊಡದ ಈ ವ್ಯವಸ್ಥೆ ಯಾವ ನ್ಯಾಯ ಅಂತ ನನಗೂ ಸಿಟ್ಟು ಬಂದದ್ದಿದೆ. 2006ರ ಎಂಝಡ್-ಆರ್‌ಎಚ್1 ಎಂಬ ಒಂದು ಮಾದರಿ ಹಳೆಯ ಡಿಸ್ಕುಗಳನ್ನೂ ಕಂಪ್ಯೂಟರಿಗೆ ಇಳಿಸುತ್ತದೆ. ಈಗ ಅದಕ್ಕೆ ಚಿನ್ನದ ಬೆಲೆ. ಈಚೆಗೆ ಹವ್ಯಾಸಿಗಳು ವೆಬ್ ಮಿನಿಡಿಸ್ಕ್ ಪ್ರೋ ಎಂಬ ತಂತ್ರಾಂಶದಿಂದ ಸೋನಿಯ ಕೆಲವು ನೆಟ್‌ಎಂಡಿ ಯಂತ್ರಗಳ ಬಾಯಿ ಬಿಡಿಸಿದ್ದಾರೆ. ನಿಮ್ಮದು ಆ ಜಾತಿಯದ್ದಾದರೆ ಅದೃಷ್ಟ. ಅಲ್ಲದಿದ್ದರೆ ಅದೇ ಕೇಬಲ್, ಅದೇ ಚಹಾ.

"ಕಾಪಿ ಲಾಕ್ ಇದೆಯಂತೆ, ಅದನ್ನು ಮುರಿಯಬೇಕಂತೆ" ಎನ್ನುವವರೂ ಇದ್ದಾರೆ. ಅವರು ಹೇಳುವುದು ಎಸ್‌ಸಿಎಂಎಸ್ ಬಗ್ಗೆ. ಅದು ತಡೆಯುವುದು ಡಿಜಿಟಲ್ ಕಾಪಿಯ ಮೇಲೆ ಇನ್ನೊಂದು ಡಿಜಿಟಲ್ ಕಾಪಿಯನ್ನು ಮಾತ್ರ. ಹೆಡ್‌ಫೋನ್ ತೂತಿನಿಂದ ಬರುವ ದನಿಗೆ ಅದರ ಗೊಡವೆಯೇ ಇಲ್ಲ.

ಇನ್ನೊಂದು. ಹಾಕಿದ ಡಿಸ್ಕ್ ತಿರುಗುತ್ತದೆ, ಸಮಯ ಓಡುತ್ತದೆ, ದನಿ ಮಾತ್ರ ಇಲ್ಲ ಅಂದರೆ ಎಸೆಯಬೇಡಿ. ಅದನ್ನು ಎಲ್‌ಪಿ2 ಅಥವಾ ಎಲ್‌ಪಿ4 ಎಂಬ, ಒಂದೇ ಡಿಸ್ಕಿಗೆ ಹೆಚ್ಚು ಹೊತ್ತು ಹಿಡಿಸುವ ಪದ್ಧತಿಯಲ್ಲಿ ರೆಕಾರ್ಡ್ ಮಾಡಿರಬೇಕು. 2000ದಲ್ಲಿ ಬಂದ ಈ ಪದ್ಧತಿ ಅದಕ್ಕೂ ಹಳೆಯ ಯಂತ್ರಗಳಿಗೆ ಅರ್ಥವಾಗುವುದಿಲ್ಲ. ಎಲ್‌ಪಿ4ನಲ್ಲಿ 80 ನಿಮಿಷದ ಡಿಸ್ಕಿಗೆ 320 ನಿಮಿಷ ಹಿಡಿಸುತ್ತದೆ ನಿಜ, ಆದರೆ ತಾಳದ ಸದ್ದು ತಗಡು ಬಡಿದ ಹಾಗೆ ಕೇಳುತ್ತದೆ. ಬುದ್ಧಿ ಇದ್ದವರು ಮೊನೋ ಇಡುತ್ತಿದ್ದರು. ಸಮಯ ದುಪ್ಪಟ್ಟು, ದನಿ ಕೆಡುವುದಿಲ್ಲ.

ಪೂರ್ತಿ ಖಾಲಿ ಅಂತ ತೋರಿಸುವ ಡಿಸ್ಕ್ ಇದ್ದರೆ ಅದರ ಕಥೆ ಬೇರೆ. ಯಲ್ಲಾಪುರದ ಕಡೆ ಒಂದು ಮನೆಯ ಜಗುಲಿಯಲ್ಲಿ ತಾಳಮದ್ದಲೆ. ನನ್ನ ಯಂತ್ರದ ಬ್ಯಾಟರಿ ಸತ್ತಿತ್ತು, ಅಡಾಪ್ಟರಿನ ಮೇಲೆ ನಡೆಯುತ್ತಿತ್ತು. ಮಂಗಳ ಹಾಡಿದರು, ನಾನು ಸ್ಟಾಪ್ ಒತ್ತಿದೆ. ಪರದೆಯ ಮೇಲೆ "ಟಿಒಸಿ ಎಡಿಟ್" ಅಂತ ಮಿಣುಕುತ್ತಿತ್ತು. ಊಟಕ್ಕೆ ಎಲೆ ಹಾಕಿದ್ದಾರೆ ಅಂತ ಯಾರೋ ಕರೆದರು, ಪ್ಲಗ್ ಕಿತ್ತೆ. ಆ ಮಿಣುಕುವ ಹೊತ್ತಿನಲ್ಲೇ ಯಂತ್ರ ಎಲ್ಲಿಂದ ಎಲ್ಲಿಗೆ ಏನಿದೆ ಎಂಬ ಪಟ್ಟಿ ಬರೆಯುವುದು. ಪಟ್ಟಿ ಇಲ್ಲದಿದ್ದರೆ ಡಿಸ್ಕ್ ತುಂಬ ಮಾತಿದ್ದರೂ ಅದರ ಲೆಕ್ಕಕ್ಕೆ ಖಾಲಿ. ಒಂದು ಇಡೀ ಸಂವಾದ ಹೋಯಿತು. ಊಟ ಮಾತ್ರ ಚೆನ್ನಾಗಿತ್ತು.

ಯಾರೂ ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ. ಕಾಪಿ ಮಾಡುವಾಗ ನಿಮಗೆ ಒಂದು ವಿಚಿತ್ರ ಕೇಳುತ್ತದೆ. ಚಂಡೆ ಬಿದ್ದ ಕೂಡಲೇ ಭಾಗವತರ ದನಿ ಮುಳುಗುತ್ತದೆ, ಚಂಡೆ ನಿಂತ ಮೇಲೆ ನಿಧಾನ ಏಳುತ್ತದೆ, ಜೊತೆಗೆ ಸಭೆಯ ಕೆಮ್ಮೂ ಏಳುತ್ತದೆ. ಡಿಸ್ಕ್ ಹಾಳಾದದ್ದಲ್ಲ, ಅದು ಆಟೋ ಲೆವೆಲ್‌ನ ಕೆಲಸ. ದೊಡ್ಡ ಸದ್ದು ಬಂದರೆ ಯಂತ್ರ ತಾನೇ ಎಲ್ಲವನ್ನೂ ತಗ್ಗಿಸುತ್ತದೆ. ಕೈಯಿಂದ ಲೆವೆಲ್ ಇಡಬಹುದಿತ್ತು. ಆದರೆ ಮೊದಲು ರೆಕಾರ್ಡ್ ಮತ್ತು ಪಾಝ್ ಒತ್ತಿ, ಮೆನುವಿನೊಳಗೆ ಹೋಗಿ ಇಡಬೇಕು. ಬಹಳಷ್ಟು ಮಾದರಿಗಳಲ್ಲಿ ಸ್ಟಾಪ್ ಒತ್ತಿದರೆ ಸಾಕು, ಅದು ಮತ್ತೆ ಆಟೋಗೆ ಮರಳುತ್ತಿತ್ತು. ಕತ್ತಲಲ್ಲಿ, ಡಿಸ್ಕ್ ಬದಲಿಸುವ ಗಡಿಬಿಡಿಯಲ್ಲಿ, ನಿಮ್ಮ ಅಪ್ಪ ಅದನ್ನು ಪ್ರತಿ ಸಲ ನೆನಪಿಟ್ಟಿರಬೇಕು ಅಂದರೆ ಹೇಗೆ? ಆ ಏರಿಳಿತವನ್ನು ಕಂಪ್ಯೂಟರಿನಲ್ಲಿ ಸರಿ ಮಾಡಲು ಹೋಗಬೇಡಿ. ನಾನು ಮಾಡಿ ನೋಡಿದ್ದೇನೆ, ಕೆಮ್ಮು ಇನ್ನೂ ಜಾಸ್ತಿ ಆಯಿತು.