ಹೃದಯಾಘಾತವೇ, ಹೃದಯ ಸ್ತಂಭನವೇ?

ಯಾರಾದರೂ ಹಠಾತ್ತನೆ ತೀರಿಕೊಂಡರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ 'ಅಟ್ಯಾಕ್ ಆಗಿ ಹ್ವಾದ್ರು' ಎಂಬ ಒಂದೇ ಮಾತು ಕೇಳಿಬರುತ್ತದೆ. ಆ ಮಾತಿನೊಳಗೆ ಹೃದಯಾಘಾತ ಮತ್ತು ಹೃದಯ ಸ್ತಂಭನ ಎಂಬ ಎರಡು ಬೇರೆ ಸಂಗತಿಗಳು ಸೇರಿಹೋಗಿವೆ. ಇವುಗಳನ್ನು ಗುರುತಿಸುವಲ್ಲಿ ಮನೆಯವರು ಎಡವುವುದನ್ನು ಹೃದ್ರೋಗ ವೈದ್ಯನಾಗಿ ನಾನು ಪದೇ ಪದೇ ಕಂಡಿದ್ದೇನೆ.

ಹೃದಯಾಘಾತವು ರಕ್ತ ಪೂರೈಕೆಯ ತೊಂದರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದ ಒಳಗೋಡೆಯಲ್ಲಿ ಕೂತ ಕೊಬ್ಬಿನ ಪದರ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದಾಗ, ಆ ನಾಳವನ್ನು ನಂಬಿದ ಸ್ನಾಯು ಸಾಯತೊಡಗುತ್ತದೆ. ಉಳಿದ ಭಾಗ ಬಡಿಯುತ್ತಲೇ ಇರುವುದರಿಂದ ರೋಗಿ ಸಾಮಾನ್ಯವಾಗಿ ಎಚ್ಚರವಾಗಿರುತ್ತಾನೆ, ಮಾತಾಡುತ್ತಾನೆ. ಮೋಸ ಹೋಗುವುದು ಇಲ್ಲಿಯೇ. ಶಿಗ್ಗಾವಿ ಕಡೆಯ ರೈತರೊಬ್ಬರು ರಾತ್ರಿ ಊಟವಾದ ಮೇಲೆ ಎದೆ ಬಿಗಿದು ಮೈಯೆಲ್ಲ ಬೆವರಿದರೂ, 'ಗ್ಯಾಸ್ ತುಂಬೇತಿ, ಸೋಡಾ ಕುಡದ್ರ ಕಡಿಮಿ ಆಗ್ತೈತಿ' ಎಂದು ಮಲಗಿ, ಬೆಳಗಾದ ಮೇಲೆ ನಮ್ಮಲ್ಲಿಗೆ ಬಂದರು. ಅವರು ಬದುಕಿದರು, ಆದರೆ ಹೃದಯದ ಮುಂಭಾಗದ ಸ್ನಾಯು ಬಹಳಷ್ಟು ಹೋಗಿತ್ತು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಎದೆನೋವೇ ಇಲ್ಲದೆ ಬರೀ ಉಬ್ಬಸ, ವಾಂತಿ, ವಿಪರೀತ ಸುಸ್ತು ಕಾಣಿಸಿಕೊಳ್ಳುವುದೂ ಉಂಟು.

ಅಂಥವರನ್ನು ನಡೆಸದೆ ಕೂರಿಸಿ 108ಕ್ಕೆ ಕರೆ ಮಾಡಬೇಕು. ಗದಗ, ಹಾವೇರಿ ಜಿಲ್ಲೆಯ ಹಳ್ಳಿಗಳವರು 'ನೇರ ಹುಬ್ಬಳ್ಳಿಗೇ ಒಯ್ಯೋಣ' ಎಂದು ಕಾರು ಹುಡುಕುತ್ತ ಕೂರುವುದಕ್ಕಿಂತ, ಇಸಿಜಿ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ ಸೇರುವುದು ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ.

ಹೃದಯ ಸ್ತಂಭನದಲ್ಲಿ ಕೆಡುವುದು ಸಾಮಾನ್ಯವಾಗಿ ಹೃದಯದ ವಿದ್ಯುತ್ ಲಯ. ಬಡಿತ ತಪ್ಪಿ ಹೃದಯ ಸುಮ್ಮನೆ ಅದುರುತ್ತದೆ, ಮಿದುಳಿಗೆ ರಕ್ತ ನಿಲ್ಲುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಮನುಷ್ಯ ಕುಸಿಯುತ್ತಾನೆ. ಹೃದಯಾಘಾತವೇ ಇದಕ್ಕೆ ಕಾರಣವಾಗಬಹುದು. ವಿದ್ಯುತ್ ಆಘಾತ, ನೀರಿನಲ್ಲಿ ಮುಳುಗುವುದು, ರಕ್ತದಲ್ಲಿ ಪೊಟ್ಯಾಸಿಯಂ ಏರುಪೇರಾಗುವುದೂ ಕಾರಣವಾಗಬಹುದು. ಕುಸಿದ ಕೂಡಲೇ ಕೈಕಾಲು ಒಮ್ಮೆ ಜಗ್ಗುವುದರಿಂದ ಜನ ಮೂರ್ಛೆರೋಗವೆಂದು ತಿಳಿದು ಕೈಗೆ ಕೀಲಿಕೈ ಕೊಡುತ್ತಾರೆ, ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ. ಆಗಾಗ ಬಾಯಿ ತೆರೆದು ಗೊರಗುಟ್ಟುವುದನ್ನು ಕಂಡು 'ಉಸಿರು ಐತಿ' ಎಂದು ಸಮಾಧಾನಪಡುತ್ತಾರೆ. ಅದು ಉಸಿರಾಟವಲ್ಲ. ಕರೆದರೂ ಅಲುಗಾಡಿಸಿದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇರುವ ವ್ಯಕ್ತಿಯ ಹೃದಯ ನಿಂತಿದೆಯೆಂದೇ ತಿಳಿಯಬೇಕು. ನಾಡಿ ಹುಡುಕುತ್ತ ಹೊತ್ತು ಕಳೆಯಬಾರದು.

ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈಯಿಟ್ಟು, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಪಕ್ಕೆಲುಬು ಮುರಿದೀತೆಂಬ ಅಂಜಿಕೆಯಿಂದ ಮೆಲ್ಲಗೆ ಒತ್ತಿದರೆ ಮಿದುಳಿಗೆ ಸಾಕಷ್ಟು ರಕ್ತ ಹೋಗುವುದಿಲ್ಲ. ಒತ್ತುವವರು ಬೇಗ ದಣಿಯುವುದರಿಂದ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸುತ್ತ, ಆಂಬುಲೆನ್ಸಿನವರು ಬಂದು ಶಾಕ್ ಕೊಡುವ ಯಂತ್ರ ಜೋಡಿಸುವವರೆಗೂ ಇದನ್ನು ನಿಲ್ಲಿಸಬಾರದು.