ಸೆಖೆ ಇಲ್ಲ ಅಂದರೆ ಬಿಸಿಲು ಕಡಿಮೆ ಅಂತಲ್ಲ

ನವೆಂಬರ್ ಬಂತೆಂದರೆ ಕಲಬುರಗಿ ಕಡೆಯ ತೊಗರಿ ಬೆಳೆಗಾರರು ಹೇಳುವ ದೂರು ಹೀಗಿರುತ್ತದೆ: "ಎನ್‌ಪಿವಿ ಹೊಡೆದ್ವಿ ಸರ್, ಕಾಯಿಕೊರಕ ಸಾಯಲೇ ಇಲ್ಲ. ಔಷಧಿನೇ ನಕಲಿ ಇರಬೇಕು." ನಾನು ಮೊದಲು ಕೇಳುವುದು, ಎಷ್ಟು ಗಂಟೆಗೆ ಹೊಡೆದಿರಿ ಅಂತ. "ಇಬ್ಬನಿ ಆರಿದ ಮೇಲೆ, ಹತ್ತು ಹನ್ನೊಂದಕ್ಕೆ. ಈಗೇನು ಬಿಸಿಲು ಜಾಸ್ತಿ ಇಲ್ಲವಲ್ಲ" ಎನ್ನುತ್ತಾರೆ. ನಕಲಿ ಔಷಧಿಯೂ ಇರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅಸಲಿ ಔಷಧಿಯೂ ಆ ಹೊತ್ತಿಗೆ ಹೊಡೆದರೆ ಹೆಚ್ಚು ಕೆಲಸ ಮಾಡುವುದಿಲ್ಲ.

ಎನ್‌ಪಿವಿ ಎಂದರೆ ಹುಳುವಿಗೆ ರೋಗ ತರುವ ವೈರಸ್. ಹೂವು, ಎಲೆ, ಎಳೆ ಕಾಯಿಯ ಜೊತೆ ಹುಳು ಅದನ್ನು ತಿನ್ನಬೇಕು. ತಿಂದು ಐದಾರು ದಿನವಾದ ಮೇಲೆ ಅದು ಗಿಡದ ತುದಿಗೆ ಹತ್ತಿ, ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಮುಟ್ಟಿದರೆ ಚರ್ಮ ಒಡೆದು ಒಳಗಿನದೆಲ್ಲ ನೀರಾಗಿ ಸುರಿಯುತ್ತದೆ. ಅಷ್ಟು ಒಳ್ಳೆಯ ಅಸ್ತ್ರ ಇದು. ಆದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣ, ಅಂದರೆ ಯುವಿ, ಈ ವೈರಸ್ಸಿನ ಡಿಎನ್‌ಎಯನ್ನೇ ಕೆಡಿಸುತ್ತದೆ. ಒಂದೆರಡು ದಿನದ ಬಿಸಿಲಿಗೆ ಅದರ ಶಕ್ತಿ ಬಹುಪಾಲು ಮುಗಿದಿರುತ್ತದೆ. ಅದಕ್ಕೇ ಸಂಜೆ ಹೊಡೆಯಿರಿ ಎನ್ನುವುದು. ಸಂಜೆ ಹೊಡೆದರೆ ಇಡೀ ರಾತ್ರಿ ಹುಳು ಮೇಯುತ್ತದೆ, ಬೆಳಗಾಗುವ ಹೊತ್ತಿಗೆ ವೈರಸ್ ಹೊಟ್ಟೆ ಸೇರಿರುತ್ತದೆ. ದ್ರಾವಣಕ್ಕೆ ಬೆಲ್ಲ ಬೆರೆಸುವುದು ಹುಳು ಆಸೆಯಿಂದ ತಿನ್ನಲಿ ಅಂತ. ಬಟ್ಟೆಗೆ ಬಿಳಿ ಹೊಳಪು ಕೊಡುವ ಟಿನೋಪಾಲ್‌ನಂಥ ಪುಡಿಯನ್ನು (ಬ್ಲೀಚಿಂಗ್ ಪುಡಿ ಅಲ್ಲ) ಚೂರು ಸೇರಿಸಿ ಎನ್ನುವುದು ಯುವಿಯನ್ನು ಅದು ಹೀರಿಕೊಳ್ಳುತ್ತದೆ ಅಂತ. ಹುಳುವಿಗೆ ರೋಗ ತರುವ ಬವೇರಿಯಾ ಶಿಲೀಂಧ್ರ, ಬೇವಿನಲ್ಲಿರುವ ಕೀಟನಾಶಕ ಅಂಶವಾದ ಅಜಾಡಿರಕ್ಟಿನ್ ಎರಡಕ್ಕೂ ಬಿಸಿಲು ಆಗಿಬರುವುದಿಲ್ಲ. ಜೈವಿಕ ಔಷಧಿ ಕೆಲಸ ಮಾಡಲ್ಲ ಎಂದು ಬೈಯುವ ಮೊದಲು ಒಂದು ಸಲ ಹೊತ್ತು ಬದಲಿಸಿ ನೋಡಿ.

ಇಲ್ಲಿ ನಮ್ಮೆಲ್ಲರ ತಿಳಿವಳಿಕೆಯಲ್ಲೇ ಒಂದು ಕೊರತೆ ಇದೆ. ನಾವು ಬಿಸಿಲನ್ನು ಸೆಖೆಯಿಂದ ಅಳೆಯುತ್ತೇವೆ. ಬೆವರು ಬಂದರೆ ಬಿಸಿಲು ಜೋರು, ತಂಗಾಳಿ ಬೀಸಿದರೆ ಬಿಸಿಲು ಕಡಿಮೆ. ಆದರೆ ಯುವಿ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿ ತಾಗುವುದೂ ಇಲ್ಲ. ಗಾಳಿ ಕಾಯುವುದು ನೆಲ ಕಾದ ಮೇಲೆ. ಹಾಗಾಗಿ ಸೆಖೆ ಹೆಚ್ಚುವುದು ಮಧ್ಯಾಹ್ನ ಮೂರರ ಹೊತ್ತಿಗೆ. ಯುವಿ ಹೆಚ್ಚುವುದು ಸೂರ್ಯ ನೆತ್ತಿಯ ಹತ್ತಿರ ಬಂದಾಗ, ನಮ್ಮಲ್ಲಿ ಹನ್ನೆರಡೂಕಾಲರ ಆಸುಪಾಸು. ಮೂರು ಗಂಟೆಗೆ ಮೈ ಬೇಯುವಾಗ ಯುವಿ ಆಗಲೇ ಇಳಿಮುಖವಾಗಿರುತ್ತದೆ.

ಯುವಿ ಅಳೆಯಲು ಯಂತ್ರ ಬೇಕಿಲ್ಲ. ನಿಮ್ಮ ನೆರಳು ನೋಡಿಕೊಳ್ಳಿ. ನೆರಳು ನಿಮಗಿಂತ ಗಿಡ್ಡ ಇದ್ದರೆ ಯುವಿ ಜೋರಾಗಿದೆ ಅಂತ ಲೆಕ್ಕ. ಕರ್ನಾಟಕದ ಯಾವ ಊರಲ್ಲೂ, ವರ್ಷದ ಯಾವ ದಿನವೂ, ನಡುಮಧ್ಯಾಹ್ನದ ನೆರಳು ನಮಗಿಂತ ಉದ್ದ ಇರುವುದಿಲ್ಲ. ಬೀದರ್‌ನಲ್ಲಿ ಡಿಸೆಂಬರ್ ಚಳಿಯಲ್ಲೂ ಅಷ್ಟೇ. ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ. ಏಪ್ರಿಲ್ ಬಿಸಿಲಿಗೆ ಎಲ್ಲರೂ ಕೊಡೆ ಹಿಡಿಯುತ್ತಾರೆ. ಆಗಸ್ಟ್ ಬಿಸಿಲಿಗೆ ಯಾರೂ ಹೆದರುವುದಿಲ್ಲ, ತಂಪು ಹವೆ, ಮೋಡ ಅಲ್ವಾ? ಆದರೆ ತೆಳು ಮೋಡ ಯುವಿಯ ಹೆಚ್ಚಿನ ಪಾಲನ್ನು ಹಾಗೇ ಕೆಳಗೆ ಬಿಡುತ್ತದೆ. ಜೊತೆಗೆ ಎತ್ತರ. ಪ್ರತಿ 1000 ಮೀಟರ್ ಮೇಲೇರಿದರೆ ಯುವಿ ಸುಮಾರು ಶೇ 10ರಷ್ಟು ಜಾಸ್ತಿಯಾಗುತ್ತದೆ. ಬೆಂಗಳೂರು ಇರುವುದೇ 900 ಮೀಟರ್ ಎತ್ತರದಲ್ಲಿ. ಬೆವರು ಸುರಿಯುವ ಮಂಗಳೂರಿಗಿಂತ ತಂಪಾದ ಬೆಂಗಳೂರಿನ ಯುವಿ ಕಡಿಮೆ ಎಂದುಕೊಳ್ಳಲು ಯಾವ ಕಾರಣವೂ ಇಲ್ಲ.

ಯುವಿಯನ್ನು ಆಕಾಶದಲ್ಲೇ ತಡೆಯುವ ಓಝೋನ್ ಪದರ ತೂತಾಗಿ ನಮ್ಮಲ್ಲಿ ಯುವಿ ಹೆಚ್ಚಿದೆ ಎಂದು ಹಲವರು ನಂಬಿದ್ದಾರೆ. ಆ ತೂತು ಇರುವುದು ದಕ್ಷಿಣ ಧ್ರುವದ ಮೇಲೆ. ಸಮಭಾಜಕದ ಹತ್ತಿರದ ನಮ್ಮಂಥ ಕಡೆ ಓಝೋನ್ ಹುಟ್ಟಿನಿಂದಲೇ ತೆಳು, ಸೂರ್ಯನೂ ನೇರ. ಹಾಗಾಗಿ ನಮ್ಮಲ್ಲಿ ಯುವಿ ಮೊದಲಿನಿಂದಲೂ ಜಾಸ್ತಿ. 1987ರ ಮಾಂಟ್ರಿಯಲ್ ಒಪ್ಪಂದದ ಮೇಲೆ ಜಗತ್ತು ಓಝೋನ್ ಕೆಡಿಸುವ ಅನಿಲಗಳನ್ನು ನಿಲ್ಲಿಸುತ್ತಾ ಬಂತು, ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ಈ ವಿಷಯದಲ್ಲಿ ಮನುಷ್ಯ ಜಾತಿ ಒಟ್ಟಾಗಿ ಒಳ್ಳೆಯ ಕೆಲಸ ಮಾಡಿದೆ, ಅದನ್ನು ಒಪ್ಪಿಕೊಳ್ಳೋಣ. ಈಗ ಬದಲಾಗುತ್ತಿರುವುದು ಹವಾಮಾನ. ಮಳೆಗಾಲದ ನಡುವೆಯೇ ವಾರಗಟ್ಟಲೆ ಮೋಡವಿಲ್ಲದ ದಿನಗಳು, ಒಣ ನೆಲ. ನೀರಿಲ್ಲದ ಗಿಡ ಎಲೆಯ ರಂಧ್ರ ಮುಚ್ಚಿಕೊಳ್ಳುತ್ತದೆ, ಮೈ ತಂಪು ಮಾಡಿಕೊಳ್ಳಲು ಆಗುವುದಿಲ್ಲ. ಬೀಳುವ ಬೆಳಕನ್ನು ಆಹಾರ ಮಾಡಿಕೊಳ್ಳಲೂ ಆಗದೆ ಆ ಶಕ್ತಿ ಎಲೆಯನ್ನೇ ಸುಡುತ್ತದೆ. ನಿನ್ನೆ ತಡೆದುಕೊಂಡ ಬಿಸಿಲನ್ನೇ ಇವತ್ತು ತಡೆಯಲಾರದು.

ಹಾಗಂತ ಗಿಡ ಸುಮ್ನೆ ನಿಂತು ಸುಡಿಸಿಕೊಳ್ಳುವುದಿಲ್ಲ. ಯುವಿ ಬಿದ್ದದ್ದು ಗಿಡಕ್ಕೆ ಗೊತ್ತಾಗುತ್ತದೆ. ಅದನ್ನು ಗುರುತಿಸುವ ಪ್ರೋಟೀನನ್ನು ವಿಜ್ಞಾನಿಗಳು 2011ರಲ್ಲಿ ಖಚಿತವಾಗಿ ತೋರಿಸಿದರು. ಸುದ್ದಿ ಸಿಕ್ಕ ಕೂಡಲೇ ಗಿಡ ಎಲೆ, ಹಣ್ಣಿನ ಮೇಲ್ಪದರದಲ್ಲಿ ಯುವಿ ಹೀರುವ ಬಣ್ಣದ ವಸ್ತುಗಳನ್ನು ತುಂಬಿಕೊಳ್ಳುತ್ತದೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಕಪ್ಪು ನೀಲಿ ಸಿಪ್ಪೆಯಲ್ಲಿರುವುದೂ ಅಂಥದೇ ಬಣ್ಣ. ಯುವಿ ತಡೆಯುವ ಪ್ಲಾಸ್ಟಿಕ್ ಮನೆಯೊಳಗೆ ಬೆಳೆದ ಕೆಂಪು ಲೆಟ್ಯೂಸ್ ಸರಿಯಾಗಿ ಕೆಂಪಾಗದೆ ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತದೆ. ಕೋಲಾರದ ನರ್ಸರಿಯಿಂದ ತಂದ ಟೊಮೆಟೊ ಸಸಿ ನಾಟಿ ಮಾಡಿದ ಮೂರನೇ ದಿನಕ್ಕೆ ಎಲೆ ಬಿಳುಚಿಕೊಂಡರೆ ರೋಗವೆಂದು ಔಷಧಿ ಹುಡುಕಬೇಡಿ. ನೆರಳುಪರದೆಯ ಕೆಳಗೇ ಬೆಳೆದ ಸಸಿಗೆ ಈ ರಕ್ಷಣೆ ಕೂಡಿಬಂದಿರುವುದಿಲ್ಲ. ನಾಟಿಗೆ ಮುಂಚೆ ವಾರದಷ್ಟು ಕಾಲ ಬೆಳಗಿನ ಬಿಸಿಲಿನಿಂದ ಶುರುಮಾಡಿ ದಿನದಿನಕ್ಕೆ ಹೊತ್ತು ಹೆಚ್ಚಿಸಿದರೆ ಎಲೆ ದಪ್ಪವಾಗಿ ಗಟ್ಟಿಯಾಗುತ್ತದೆ.

ಎಲ್ಲವನ್ನೂ ಯುವಿ ತಲೆಗೆ ಕಟ್ಟಲೂಬಾರದು. ಅಡಿಕೆ ಮರದ ಕಾಂಡಕ್ಕೆ ಬಿಸಿಲು ಹೊಡೆದು ಹೊಂಬಣ್ಣದ ಮಚ್ಚೆ ಬೀಳುತ್ತದಲ್ಲ, ಆಮೇಲೆ ಕಂದಾಗಿ, ಸೀಳಿ, ಗಾಳಿಗೆ ಮರವೇ ಮುರಿಯುತ್ತದಲ್ಲ, ಅಲ್ಲಿ ಮುಖ್ಯ ಕಾರಣ ಸಂಜೆ ಕಡೆಯ ನೈಋತ್ಯದ ಬಿಸಿಲಿನ ಕಾವು. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅಡಿಕೆಯ ಸಾಲನ್ನು ಉತ್ತರ ದಕ್ಷಿಣಕ್ಕೆ ಇಟ್ಟು 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ಎನ್ನುವುದು ಇದಕ್ಕೇ. ಅಂಚಿನ ಮರಗಳಿಗೆ ಹಾಳೆ, ಸೋಗೆ ಕಟ್ಟುವ ಹಳೆಯ ಪದ್ಧತಿಯೂ ಸರಿಯಾಗಿಯೇ ಇದೆ. ವಿಜಯಪುರ, ಕೊಪ್ಪಳದ ದಾಳಿಂಬೆಯಲ್ಲಿ ಕಾವು, ಬೆಳಕು ಎರಡೂ ಸೇರಿ ಹಣ್ಣಿನ ಒಂದು ಮಗ್ಗುಲು ಕಂದಿಸುತ್ತವೆ. ಅಲ್ಲಿ ಕೇಒಲಿನ್ ಎಂಬ ಬಿಳಿ ಜೇಡಿಮಣ್ಣು ಸಿಂಪಡಿಸುವುದು, ಬಟ್ಟೆ ಹೊದಿಸುವುದು ಎರಡೂ ಉಪಯೋಗವೇ.

ಇನ್ನು ಬೆಳೆಯ ನಡುವೆ ನಿಂತ ಮನುಷ್ಯರ ವಿಷಯ. ನಮ್ಮ ಕಪ್ಪು, ಗೋಧಿ ಬಣ್ಣದ ಚರ್ಮಕ್ಕೆ ಮೆಲನಿನ್ ರಕ್ಷಣೆ ಇದೆ, ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ಕಣ್ಣಿಗೆ ಅಂಥ ರಕ್ಷಣೆ ಇಲ್ಲ. ಕಣ್ಣಿನ ಬಿಳಿ ಭಾಗದಿಂದ ಕರಿಗುಡ್ಡೆಯ ಕಡೆಗೆ ತ್ರಿಕೋನವಾಗಿ ಮಾಂಸ ಬೆಳೆದಿರುವುದನ್ನು ರೈತರಲ್ಲಿ, ಮೀನುಗಾರರಲ್ಲಿ ಜಾಸ್ತಿ ಕಾಣುತ್ತೇವೆ. ವರ್ಷಗಟ್ಟಲೆ ಯುವಿ, ಧೂಳು, ಗಾಳಿ ತಿಂದ ಕಣ್ಣದು. ಕಣ್ಣಿನ ಪೊರೆಗೂ ಯುವಿ ಒಂದು ಕಾರಣ. ರುಮಾಲು, ಮುಟ್ಟಾಳೆ ತಲೆ ಕಾಯುತ್ತವೆ, ಕಣ್ಣಿಗೆ ನೆರಳು ಕೊಡುವುದಿಲ್ಲ. ಸುತ್ತಲೂ ಅಂಚಿರುವ ಟೋಪಿ ಕೊಡುತ್ತದೆ. ಜಾತ್ರೆಯಲ್ಲಿ ಸಿಗುವ ಬರೀ ಕಪ್ಪು ಕನ್ನಡಕ ಕೊಳ್ಳಬೇಡಿ. ಯುವಿ ತಡೆ ಇಲ್ಲದ ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ ಯುವಿ ಇನ್ನೂ ಹೆಚ್ಚು ಒಳಗೆ ಹೋಗಬಹುದು. ಯುವಿ 400 ಎಂದು ಬರೆದಿರುವ ಬಣ್ಣವಿಲ್ಲದ ಕನ್ನಡಕವೂ ಸಾಕು.

ಕಾಂಗ್ರೆಸ್ ಕಳೆ ಕೀಳುವವರಿಗೆ ಇನ್ನೊಂದು ಅಪಾಯ. ಪಾರ್ಥೇನಿಯಂ ಅಲರ್ಜಿ ಮೊದಲು ಮುಖ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ತುರಿಕೆಯಾಗಿ ಶುರುವಾಗುತ್ತದೆ. ಕೆಲವರಲ್ಲಿ ವರ್ಷಗಳು ಕಳೆದಂತೆ ಬಿಸಿಲೇ ಆಗದ ಸ್ಥಿತಿಗೆ ಹೋಗುತ್ತದೆ. ಆಗ ಕಳೆಯಿಂದ ದೂರ ಇದ್ದರೂ ಬಿಸಿಲು ಬಿದ್ದ ಜಾಗ ದಪ್ಪವಾಗಿ, ಕಪ್ಪಾಗಿ ಉರಿಯುತ್ತದೆ. ಬಿಸಿಲಲ್ಲಿ ದುಡಿದು ತಿನ್ನುವವರಿಗೆ ಇದು ಎಂಥ ಕಷ್ಟ ಯೋಚಿಸಿ. ಮೊದಲ ತುರಿಕೆಗೇ ಚರ್ಮದ ವೈದ್ಯರ ಹತ್ತಿರ ಹೋಗಬೇಕು, ಅಂಗಡಿಯ ಟ್ಯೂಬ್ ಹಚ್ಚಿಕೊಂಡು ಕೂರಬಾರದು.

ಪಟ್ಟಣದವರ ಕಥೆ ಉಲ್ಟಾ. ಅಲ್ಲಿ ವಿಟಮಿನ್ ಡಿ ಕೊರತೆ. ಚರ್ಮದಲ್ಲಿ ಅದು ತಯಾರಾಗಲು ಯುವಿಯ ಬಿ ಭಾಗ ಬೇಕು. ಆರೂವರೆಯ ಎಳೆಬಿಸಿಲಲ್ಲಿ ಅದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕಿಟಕಿಯ ಗಾಜು ಅದನ್ನು ಬಹುಪಾಲು ತಡೆಯುತ್ತದೆ. ಬೆಳಗಿನ ವಾಕಿಂಗ್ ಮೈಗೆ ಒಳ್ಳೆಯದು, ಬಿಡಬೇಡಿ. ಆದರೆ ವಿಟಮಿನ್ ಡಿ ಬೇಕೆಂದರೆ ಹತ್ತರ ನಂತರ ಕೈಕಾಲಿಗೆ ಸ್ವಲ್ಪ ಹೊತ್ತು ನೇರ ಬಿಸಿಲು ಬೀಳಬೇಕು. ಕಪ್ಪು ಚರ್ಮಕ್ಕೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು.

ಹೊಲದ ಕೂಲಿಯವರಿಗೆ ಅಂಥ ಆಯ್ಕೆ ಇಲ್ಲ. ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇನಲ್ಲಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಕ್ಕ ಈ ಅನುಕೂಲ ಕಳೆ ತೆಗೆಯುವ ಹೆಂಗಸರಿಗೆ ಯಾಕಿಲ್ಲ? ಎಷ್ಟೋ ಊರಲ್ಲಿ ಕೂಲಿ ಶುರುವಾಗುವುದೇ ಹತ್ತಕ್ಕೆ, ನೆರಳು ಗಿಡ್ಡವಾಗುವ ಹೊತ್ತಿಗೆ. ಆರೂವರೆಗೆ ಶುರುಮಾಡಿ ಹತ್ತೂವರೆಗೆ ನಿಲ್ಲಿಸಿ, ಉಳಿದದ್ದನ್ನು ಮೂರೂವರೆ ಮೇಲೆ ಮುಗಿಸಿದರೂ ದಿನದ ಕೆಲಸ ಆಗುತ್ತದೆ. ಸಂಜೆಯ ಪಾಳಿಯಲ್ಲೇ ತೊಗರಿಗೆ ಎನ್‌ಪಿವಿಯನ್ನೂ ಹೊಡೆಯಬಹುದು.