ಕೆಟ್ಟ ಪಾಕದ ನಷ್ಟ ಯಾರದು?

ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನಾಲ್ಕು ಆಲೆಮನೆ ಸುತ್ತಿ ನೋಡಿ. ಬೆಲ್ಲ ಒಂದೇ ಥರ ಕಂಡರೂ ಒಲೆ ಒಂದೇ ಥರ ಇರುವುದಿಲ್ಲ. ಒಂದು ಕಡೆ ಒಲೆಯ ಬಾಯಿ ಅಗಲ, ಇನ್ನೊಂದು ಕಡೆ ಕಿರಿದು. ಕೆಲವು ಕಡೆ ಒಂದೇ ಕೊಪ್ಪರಿಗೆ, ಕೆಲವು ಕಡೆ ಹಿಂದೆ ಇನ್ನೊಂದು ಸಣ್ಣದು. ಈ ಬದಲಾವಣೆಗಳನ್ನು ಮಾಡಿದವರು ಒಲೆ ಕಟ್ಟುವ ಗಾರೆಯವರು, ಉರಿ ಹಾಕುವವರು, ಊರ ವೆಲ್ಡಿಂಗ್ ಅಂಗಡಿಯವರು.

2020-21ರಲ್ಲಿ ಭಾರತ ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡಿದ್ದು ದೇಶದ ಒಟ್ಟು ಉತ್ಪನ್ನದ ಶೇ. 0.64ರಷ್ಟು. ಈ ಲೆಕ್ಕ ಹಾಕುವ ಅಂತರರಾಷ್ಟ್ರೀಯ ಕ್ರಮ 1963ರ ಫ್ರಸ್ಕಾಟಿ ಕೈಪಿಡಿಯಿಂದ ಬಂದದ್ದು. ಗಾರೆಯವರು ಹೊಗೆಗೂಡನ್ನು ಎರಡಡಿ ಏರಿಸಿದರೆ ಅದು ಆ ಲೆಕ್ಕದೊಳಗೆ ಬರುವುದಿಲ್ಲ. ನಾವೀನ್ಯವನ್ನೇ ಅಳೆಯಲು ಆಮೇಲೆ ಬಂದ ಓಸ್ಲೊ ಕೈಪಿಡಿ ಬೇರೆ ಮಾತು ಹೇಳುತ್ತದೆ. ಸುಧಾರಿಸಿದ ವಿಧಾನವನ್ನು ಒಂದು ಘಟಕ ಬಳಕೆಗೆ ತಂದರೆ ಸಾಕು. ಅದು ಜಗತ್ತಿಗೇ ಹೊಸದಾಗಿರಬೇಕಿಲ್ಲ, ಆ ಘಟಕಕ್ಕೆ ಹೊಸದಾಗಿದ್ದರೆ ನಾವೀನ್ಯವೇ. ಹಾಗೆ ನೋಡಿದರೆ ಮಂಡ್ಯದ ಆಲೆಮನೆಗಳಲ್ಲಿ ನಾವೀನ್ಯಕ್ಕೆ ಬರವಿಲ್ಲ. ಕೊರತೆ ಇರುವುದು ಬೇರೆ ಕಡೆ. ಅದನ್ನು ತಿಳಿಯಲು ಒಲೆಯ ಲೆಕ್ಕದಿಂದಲೇ ಶುರು ಮಾಡಬೇಕು.

100 ಕೆಜಿ ಕಬ್ಬು ಗಾಣಕ್ಕೆ ಕೊಟ್ಟರೆ 60ರಿಂದ 65 ಕೆಜಿ ಕಬ್ಬಿನ ಹಾಲು ಬರುತ್ತದೆ. ಅದರಿಂದ ಸಿಗುವ ಬೆಲ್ಲ ಸುಮಾರು 10 ಕೆಜಿ. ಅಂದರೆ 50 ಕೆಜಿಗೂ ಹೆಚ್ಚು ನೀರನ್ನು ಆವಿ ಮಾಡಬೇಕು. ಒಂದು ಕೆಜಿ ನೀರು ಆವಿಯಾಗಲು ಸುಮಾರು 2.26 ಮೆಗಾಜೂಲ್ ಶಾಖ ಬೇಕು. ಹಾಲನ್ನು ಕುದಿಯುವ ಮಟ್ಟಕ್ಕೆ ತರುವ ಶಾಖವನ್ನೂ ಸೇರಿಸಿದರೆ ಒಟ್ಟು 130 ಮೆಗಾಜೂಲ್ ಆಸುಪಾಸು. ಅದೇ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿದರೆ ಉಳಿಯುವುದು 20 ಕೆಜಿ ಚಿಲ್ಲರೆ. ಕೆಜಿಗೆ 15 ಮೆಗಾಜೂಲ್ ಹಿಡಿದರೂ 300 ಮೆಗಾಜೂಲ್ ಆಯಿತು. ಹೀಗಾಗಿ ಒಲೆಯ ಶಾಖದಲ್ಲಿ ಶೇ. 40ಕ್ಕಿಂತ ಸ್ವಲ್ಪ ಹೆಚ್ಚು ಕೊಪ್ಪರಿಗೆಗೆ ತಲುಪಿದರೆ ಕಬ್ಬು ತನ್ನ ಬೆಲ್ಲವನ್ನು ತಾನೇ ಬೇಯಿಸಿಕೊಳ್ಳುತ್ತದೆ. ಒಂಟಿ ಕೊಪ್ಪರಿಗೆಯ ಹಳೆಯ ಒಲೆ ಅಷ್ಟು ಮುಟ್ಟುವುದು ಕಷ್ಟ. ಆಗ ಕೊರತೆ ತುಂಬಲು ಸೌದೆ ಬೇಕು. ಸೌದೆ ದುಬಾರಿಯಾದಾಗ ಹಳೆ ಟೈರು, ಪ್ಲಾಸ್ಟಿಕ್ ಒಲೆ ಸೇರುತ್ತವೆ, ಅದರ ವಿಷದ ಹೊಗೆ ಮೊದಲು ಸೇರುವುದು ಉರಿ ಹಾಕುವವರ ಶ್ವಾಸಕೋಶಕ್ಕೆ. ದಂಡ ಹಾಕಿದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಒಲೆ ಸರಿಹೋದರೆ ಟೈರಿನ ಅಗತ್ಯವೇ ಬೀಳುವುದಿಲ್ಲ.

ಒಲೆ ಸರಿ ಮಾಡುವ ಸುಲಭದ ದಾರಿ ಎರಡನೇ ಕೊಪ್ಪರಿಗೆ. ಮೊದಲ ಕೊಪ್ಪರಿಗೆ ದಾಟಿ ಹೊಗೆಗೂಡಿಗೆ ಹೋಗುವ ಬಿಸಿ ಗಾಳಿಯ ದಾರಿಯಲ್ಲಿ ಇನ್ನೊಂದನ್ನು ಕೂರಿಸಿ ಮುಂದಿನ ಸರದಿಯ ಹಾಲನ್ನು ಅದರಲ್ಲಿ ಕಾಯಿಸುವುದು. ಹಾಲು 90 ಡಿಗ್ರಿಗೆ ಬಂದರೂ ಒಟ್ಟು ಶಾಖದಲ್ಲಿ ಶೇ. 10ಕ್ಕೂ ಹೆಚ್ಚು ಉಳಿತಾಯ. ಅಲ್ಲೇ ಕುದಿಯತೊಡಗಿದರೆ ಇನ್ನೂ ಲಾಭ. ಕೇಳಲು ಸುಲಭ, ಆದರೆ ಕೆಡುವ ಜಾಗಗಳು ಹಲವು. ಗಾಳಿ ತಣ್ಣಗಾದಷ್ಟೂ ಹೊಗೆಗೂಡಿನ ಎಳೆತ ಕಡಿಮೆಯಾಗುತ್ತದೆ, ದಾರಿ ಉದ್ದವಾದ್ದರಿಂದ ತಡೆಯೂ ಹೆಚ್ಚುತ್ತದೆ. ಫಲವಾಗಿ ಹೊಗೆ ಒಲೆಯ ಬಾಯಿಂದಲೇ ವಾಪಸ್ ಬರುತ್ತದೆ. ಹೊಗೆಗೂಡನ್ನು ಎತ್ತರಿಸದೆ ಎರಡನೇ ಕೊಪ್ಪರಿಗೆ ಕೂರಿಸಿದವರು ವಾರದೊಳಗೆ ಅದನ್ನು ಕಿತ್ತುಹಾಕುವುದು ಇದಕ್ಕೇ. ಕೊಪ್ಪರಿಗೆಯ ಕೆಳಗಿನ ಸುರಂಗ ತೀರಾ ಆಳವಾದರೆ ಬಿಸಿ ಗಾಳಿ ತಳವನ್ನು ಸವರದೆ ಹಾದುಹೋಗುತ್ತದೆ, ತೀರಾ ಕಿರಿದಾದರೆ ಬೂದಿ ಕಟ್ಟಿಕೊಳ್ಳುತ್ತದೆ. ಹಾಲು ಗಂಟೆಗಟ್ಟಲೆ ಬರೀ ಉಗುರುಬೆಚ್ಚಗೆ ನಿಂತರೆ ಹುಳಿಯಲು ಶುರುವಾಗಿ, ಸಕ್ಕರೆ ಒಡೆದು, ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗದೆ ಅಂಟಂಟಾಗುತ್ತದೆ. ಎರಡನೆಯದು ಕೆಲಸ ಮಾಡಬೇಕೆಂದರೆ ಹಾಲು ಬೇಗ ಬಿಸಿಯೇರಬೇಕು.

ಕೊಪ್ಪರಿಗೆಯ ತಳಕ್ಕೆ ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಶಾಖ ಹೀರುವ ಮೈಯನ್ನು ಹೆಚ್ಚಿಸುವುದು ಮತ್ತೊಂದು ದಾರಿ. ಪಟ್ಟಿಗಳು ಗಾಳಿ ಹರಿಯುವ ದಿಕ್ಕಿಗೇ ಇರಬೇಕು. ಅಡ್ಡ ಹಾಕಿದರೆ ಎಳೆತವೂ ಹೋಗುತ್ತದೆ, ಸಂದಿಯಲ್ಲಿ ಮಸಿಯೂ ಕಟ್ಟುತ್ತದೆ; ಮಸಿ ಶಾಖವನ್ನು ತಡೆಯುವುದರಿಂದ ಬಂದ ಲಾಭ ಹಾಗೇ ಕರಗುತ್ತದೆ. ಒಂದೇ ಸಮನೆ ವೆಲ್ಡ್ ಎಳೆದರೆ ತಳ ಸೊಟ್ಟಗಾಗುತ್ತದೆ, ಹಾಗಾಗಿ ಬಿಟ್ಟು ಬಿಟ್ಟು ಹಾಕಬೇಕು. ವೆಲ್ಡಿಂಗ್ ಅಂಗಡಿಯವರಿಗೆ ಇದು ಗೊತ್ತು. ಅವರಿಗೆ ಗೊತ್ತಾಗದೆ ಉಳಿಯುವುದು ಪಟ್ಟಿ ಹಾಕಿದ ಮೇಲೆ ಎಷ್ಟು ಸಿಪ್ಪೆ ಉಳಿಯಿತು ಎಂಬುದು, ಏಕೆಂದರೆ ಯಾರೂ ತೂಗುವುದಿಲ್ಲ.

ಅಳತೆಯ ವಿಷಯಕ್ಕೆ ಬಂದರೆ, ಪುಸ್ತಕದ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಚ್ಚು ಬೆಲ್ಲದ ಪಾಕವನ್ನು 116ರಿಂದ 118 ಡಿಗ್ರಿಯಲ್ಲಿ ಇಳಿಸಬೇಕೆಂದು ಸಾಮಾನ್ಯವಾಗಿ ಬರೆದಿರುತ್ತದೆ. ಆದರೆ ಮಂಡ್ಯ ಇರುವುದು ಸಮುದ್ರಮಟ್ಟದಿಂದ 680 ಮೀಟರ್ ಆಸುಪಾಸಿನ ಎತ್ತರದಲ್ಲಿ. ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಗೆ ಸ್ವಲ್ಪ ಕೆಳಗೆ. ಸಮುದ್ರಮಟ್ಟದ ಲೆಕ್ಕದ ಅಂಕಿಯನ್ನು ಇಲ್ಲಿ ಹಾಗೆಯೇ ಹಿಡಿದರೆ ಪಾಕ ಎರಡು ಡಿಗ್ರಿ ಮೀರಿ, ಬೆಲ್ಲ ಕಪ್ಪಾಗಿ ಗಡುಸಾಗುತ್ತದೆ. ಆಗ ಬೈಗುಳ ತಿನ್ನುವುದು ಥರ್ಮಾಮೀಟರು, 'ಕೈಹದವೇ ಸರಿ' ಎಂದು ಅದು ಮೂಲೆ ಸೇರುತ್ತದೆ. ಪರಿಹಾರ ಚಿಕ್ಕದು. ಮೊದಲು ಅದೇ ಥರ್ಮಾಮೀಟರಿನಿಂದ ಕುದಿಯುವ ನೀರನ್ನು ಅಳೆದು, 100ಕ್ಕೆ ಎಷ್ಟು ಕಡಿಮೆ ತೋರಿಸಿತೋ ಅಷ್ಟನ್ನು ಪುಸ್ತಕದ ಅಂಕಿಯಿಂದ ಕಳೆಯಬೇಕು. ಆಮೇಲೆ ತಣ್ಣೀರಿಗೆ ಪಾಕ ಬಿಟ್ಟು ಉಂಡೆ ಕಟ್ಟಿ ನೋಡುವವರ ಹದದ ಜೊತೆ ಹತ್ತು ಸಲ ತಾಳೆ ನೋಡಬೇಕು. ದೂರದಿಂದ ಗುರಿಯಿಟ್ಟು ಅಳೆಯುವ ಗನ್ ಇಲ್ಲಿ ಕೆಲಸಕ್ಕೆ ಬಾರದು, ಅದು ಓದುವುದು ನೊರೆ ಮತ್ತು ಆವಿಯ ಬಿಸಿಯನ್ನು. ಉದ್ದ ಕಡ್ಡಿಯದ್ದೇ ಬೇಕು, ಕಡ್ಡಿಯ ತುದಿ ತಳಕ್ಕೆ ತಾಗಬಾರದು.

ಹಾಲಿನ ಕೊಳೆ ತೆಗೆಯಲು ಹಾಕುವ ಸುಣ್ಣದ ತಿಳಿಯೂ ಹೀಗೆಯೇ. ತಾಜಾ ಹಾಲಿನ ಪಿಎಚ್ 5.2ರ ಸುಮಾರಿಗಿದ್ದು, 6.2ರಿಂದ 6.4ಕ್ಕೆ ತಂದರೆ ಮಡ್ಡಿ ಚೆನ್ನಾಗಿ ಮೇಲೇಳುತ್ತದೆ. ಹೆಚ್ಚಾದರೆ ಬೆಲ್ಲ ಕಪ್ಪು. ಪಿಎಚ್ ಕಾಗದದ ಒಂದು ಪಟ್ಟಿಯಿಂದ ತಿಳಿಯುವ ಸಂಗತಿ ಇದು. ಬಣ್ಣಕ್ಕಾಗಿ ಹೈಡ್ರೋಸ್ ಎಂಬ ಬಿಳುಪಿನ ರಾಸಾಯನಿಕ ಸುರಿಯುವ ಅಭ್ಯಾಸಕ್ಕೆ ಮೂಲ ಬಹಳ ಸಲ ಇಲ್ಲೇ ಇರುತ್ತದೆ: ಸುಣ್ಣ ತಪ್ಪಿದ್ದನ್ನು ಬ್ಲೀಚ್ ಮಾಡಿ ಮುಚ್ಚುವುದು. ಆ ಬಿಳುಪಾದರೂ ಉಳಿಯುವುದಿಲ್ಲ, ದಾಸ್ತಾನಿನಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ.

ಇಷ್ಟೆಲ್ಲ ತಿಳಿದೂ ಆಲೆಮನೆಯವರು ಅಳೆದು ನೋಡುವ ಪ್ರಯೋಗಕ್ಕೆ ಏಕೆ ಕೈಹಾಕುವುದಿಲ್ಲ? 600 ಲೀಟರ್ ಹಾಲಿನ ಒಂದು ಕೊಪ್ಪರಿಗೆಯಲ್ಲಿ ಸುಮಾರು 100 ಕೆಜಿ ಬೆಲ್ಲ ಇರುತ್ತದೆ. ಪ್ರಯೋಗ ಕೆಟ್ಟರೆ ಅಷ್ಟೂ ಹೋಯಿತು, ಜೊತೆಗೆ ಕಡಿದಿಟ್ಟ ಕಬ್ಬು ಬಿಸಿಲಲ್ಲಿ ಕಾಯುತ್ತಾ ಹಾಳಾಗುತ್ತದೆ. ಗಾಣಕ್ಕೆ, ಮೋಟರಿಗೆ ಕೊಟೇಶನ್ ತಂದುಕೊಟ್ಟರೆ ಬ್ಯಾಂಕು ಸಾಲ ಕೊಡುತ್ತದೆ. ಕೆಡಬಹುದಾದ ಐದು ಕೊಪ್ಪರಿಗೆ ಪಾಕಕ್ಕೆ ಕೊಟೇಶನ್ ಎಲ್ಲಿಂದ ತರುವುದು? ಪ್ರಯೋಗಾಲಯದಲ್ಲಿ ಕೆಟ್ಟ ಪ್ರಯೋಗದ ಖರ್ಚು ಸಂಸ್ಥೆಯದು. ಇಲ್ಲಿ ಅದು ಮನೆಯವರ ಊಟದ ದುಡ್ಡು.

ಆದ್ದರಿಂದ ಸರ್ಕಾರವಾಗಲಿ, ಸಹಕಾರ ಸಂಘವಾಗಲಿ ಮೊದಲು ಮಾಡಬೇಕಾದದ್ದು ಕೆಟ್ಟ ಪಾಕವನ್ನು ಕೊಂಡುಕೊಳ್ಳುವುದು. ಹಂಗಾಮಿನ ಮೊದಲೇ ಒಪ್ಪಂದವಾಗಬೇಕು: ಇಂಥ ಬದಲಾವಣೆ, ಇಷ್ಟು ಕೊಪ್ಪರಿಗೆ, ಬೆಲ್ಲ ಮಾರುಕಟ್ಟೆಗೆ ಹೋಗದಂತಾದರೆ ಆ ದಿನದ ದರ ಸಂಘದ್ದು. ಸ್ಪರ್ಧೆಗಳಲ್ಲಿ ಗೆದ್ದ ಯಂತ್ರಕ್ಕೆ ಕೊಡುವ ಬಹುಮಾನಕ್ಕಿಂತ ಇದು ಅಗ್ಗ. 2000ದಲ್ಲಿ ಹುಟ್ಟಿದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ ಹಳ್ಳಿಗಳ ಹೊಸ ಉಪಾಯಗಳನ್ನು ಹುಡುಕಿ ದಾಖಲಿಸುವ ದೊಡ್ಡ ಕೆಲಸ ಮಾಡಿದೆ. ಆದರೆ ಒಲೆಯ ಸುಧಾರಣೆ ಒಬ್ಬರ ಹೆಸರಿಗೆ ಬರೆಯುವಂಥದ್ದಲ್ಲ. ಅದು ಗಾರೆಯವರಿಂದ ಗಾರೆಯವರಿಗೆ, ಊರಿಂದ ಊರಿಗೆ ತಿದ್ದಿಕೊಳ್ಳುತ್ತಾ ಹೋಗುತ್ತದೆ. ಅದಕ್ಕೆ ಪೇಟೆಂಟು ಹೊಂದುವುದಿಲ್ಲ, ಲೆಕ್ಕದ ಪುಸ್ತಕ ಹೊಂದುತ್ತದೆ.

ಪ್ರಯೋಗದ ಕ್ರಮ ಕಷ್ಟದ್ದಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹೊಗೆಗೂಡನ್ನೂ ಏರಿಸಿ, ಪಟ್ಟಿಯನ್ನೂ ಹಾಕಿ, ಕಬ್ಬಿನ ತಳಿಯನ್ನೂ ಬದಲಿಸಿದರೆ ಲಾಭ ಯಾವುದರಿಂದ ಬಂತೆಂದು ಹೇಳಲಾಗದು. ಅದೇ ಹೊಲದ, ಕಡಿದು 24 ಗಂಟೆ ದಾಟದ ಕಬ್ಬು ಬೇಕು. ಬದಲಾವಣೆಗೆ ಮುಂಚೆ ಮೂರು ಕೊಪ್ಪರಿಗೆ, ಆಮೇಲೆ ಮೂರು. ದಿನದ ಮೊದಲ ಕೊಪ್ಪರಿಗೆಯನ್ನು ಲೆಕ್ಕಕ್ಕೆ ಹಿಡಿಯಬಾರದು, ತಣ್ಣಗಿನ ಒಲೆಯ ಗೋಡೆ ಬಿಸಿಯಾಗಲೆಂದೇ ಒಂದಿಷ್ಟು ಸಿಪ್ಪೆ ತಿನ್ನುತ್ತದೆ. ಸಿಪ್ಪೆಯನ್ನು ಹೊರೆ ಲೆಕ್ಕದಲ್ಲಿ ಬರೆಯದೆ ತೂಗಬೇಕು: ಅರೆ ಒಣಗಿದ ಹೊರೆಯಲ್ಲಿ ತೂಕದ ಕಾಲುಭಾಗ ನೀರೇ ಇರಬಹುದು, ಹಾಗಾಗಿ ಎಲ್ಲ ದಿನವೂ ಒಂದೇ ಒಣಗಿನ ಸಿಪ್ಪೆ ಸಿಗುವಂತೆ ಮೊದಲೇ ಒಂದು ಬಣವೆ ಎತ್ತಿಡಬೇಕು.

ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ವಿಸಿಎಫ್ 0517ರಂಥ ಕಬ್ಬಿನ ತಳಿ ಕೊಟ್ಟಿದೆ. ಮೈಸೂರಿನಲ್ಲಿ 1950ರಿಂದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ತಳಿ ಅಭಿವೃದ್ಧಿ, ಬೆಲ್ಲದ ರಾಸಾಯನಿಕ ಪರೀಕ್ಷೆಯಂಥ ಕೆಲಸ ಇಂಥ ಕಡೆಯೇ ಆಗಬೇಕು. ಒಲೆಯ ಪರೀಕ್ಷೆಗೆ ಮಾತ್ರ ಆಲೆಮನೆಗಿಂತ ಒಳ್ಳೆಯ ಪ್ರಯೋಗಾಲಯವಿಲ್ಲ. ಹತ್ತು ಆಲೆಮನೆಗೆ ಒಂದು ತಕ್ಕಡಿ, ಎರಡು ಥರ್ಮಾಮೀಟರು, ಹೊಗೆಗೂಡಿನ ಬುಡದಲ್ಲಿ ತೂರಿಸಿ ಬಿಸಿ ನೋಡುವ ಥರ್ಮೊಕಪಲ್ ಒಂದು ಸಾಕು. ಅದು 500 ಡಿಗ್ರಿ ದಾಟಿದ್ದರೆ ಉರಿಯ ದೊಡ್ಡ ಪಾಲು ಆಕಾಶಕ್ಕೆ ಹೋಗುತ್ತಿದೆ ಎಂದೇ ತಿಳಿಯಬೇಕು.

ಬರೆಯಲು ಒಂದು ಹಾಳೆ ಸಾಕು: ದಿನಾಂಕ, ಹಾಲಿನ ಲೀಟರು, ಸಿಪ್ಪೆಯ ತೂಕ, ಬೆಲ್ಲದ ತೂಕ, ಇಳಿಸಿದ ಡಿಗ್ರಿ, ಹಿಡಿದ ಹೊತ್ತು, ಕೆಟ್ಟಿದ್ದರೆ ಏನು ಕೆಟ್ಟಿತು. ಕೊನೆಯ ಕಾಲಂನಲ್ಲಿ ಒಲೆ ಕಟ್ಟಿದವರ ಮತ್ತು ಅಂದು ಉರಿ ಹಾಕಿದವರ ಹೆಸರು. ಕೆಟ್ಟ ದಿನದ ಹಾಳೆಯನ್ನು ಹರಿದು ಹಾಕಬಾರದು. ಪಕ್ಕದೂರಿನಲ್ಲಿ ಒಲೆ ಕಟ್ಟಲು ಹೊರಟ ಗಾರೆಯವರು ಮೊದಲು ಕೇಳುವುದು ಅದನ್ನೇ.